ಬೋನ್ ಮ್ಯಾರೋ ಕಸಿ ಆದಮೇಲೆ ಎಷ್ಟು ವರ್ಷ ಬದುಕಬಹುದು?

ಅಣ್ಣನಿಗೆ ರಕ್ತದ ಕ್ಯಾನ್ಸರ್, ನಿಮ್ಮ ಮ್ಯಾರೋ (ಮೂಳೆಯೊಳಗಿನ ಮಜ್ಜೆ) ಅವರಿಗೆ ಹೊಂದಿದೆ, ಕಸಿ ಆದಮೇಲೆ ಎಷ್ಟು ವರ್ಷ ಬದುಕುತ್ತಾರೆ ಎಂದು ಅಂಕೋಲೆಯಿಂದ ಕೇಳಿದ್ದೀರಿ. ನಮ್ಮನೆಯವರಿಗೂ ಇದೇ ಚಿಕಿತ್ಸೆ ಆಗಿದೆ, ಅವರ ತಂಗಿಯೇ ದಾನಿ. ಈಗ ಶಿರಸಿ ಹತ್ತಿರ ನಮ್ಮ ಮನೆಯಲ್ಲೇ ಇದ್ದಾರೆ.

ಒಡಹುಟ್ಟಿದವರಲ್ಲಿ ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನೂರಕ್ಕೆ 25 ಮಾತ್ರ. ನಿಮ್ಮದು ಹೊಂದಿದ್ದೇ ದೊಡ್ಡ ಭಾಗ್ಯ.

ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ವಯಸ್ಸು, ಕಾಯಿಲೆಯ ಬಗೆ, ಕಸಿಗೆ ಹೋಗುವಾಗ ಅದು ಎಷ್ಟು ಹತೋಟಿಯಲ್ಲಿತ್ತು ಎನ್ನುವುದೆಲ್ಲ ಸೇರುತ್ತದೆ. ಮೊದಲ 100 ದಿನ ಬಹಳ ಕಷ್ಟದ್ದು. ಸೋಂಕಿನ ಭಯ ಒಂದು ಕಡೆ. ದಾನಿಯ ಜೀವಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿಬೀಳುವ ಜಿವಿಎಚ್‌ಡಿ ಇನ್ನೊಂದು ಕಡೆ. ಕಾಯಿಲೆ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ. ಅದನ್ನು ದಾಟಿದರೆ ಲೆಕ್ಕವೇ ಬೇರೆ. ಎರಡು ವರ್ಷ ಕಾಯಿಲೆ ಇಲ್ಲದೆ ಕಳೆದವರಲ್ಲಿ ನೂರಕ್ಕೆ ಸುಮಾರು 85 ಜನ ಹತ್ತು ವರ್ಷದ ಹೊತ್ತಿಗೂ ಬದುಕಿದ್ದರು ಎಂದು 2011ರ ಒಂದು ದೊಡ್ಡ ಅಧ್ಯಯನ ಹೇಳುತ್ತದೆ. ಆಯುಷ್ಯ ಕಾಯಿಲೆಯೇ ಬಾರದವರಿಗಿಂತ ಸ್ವಲ್ಪ ಕಡಿಮೆಯೇ ಇರಬಹುದು, ಹಾಗಾಗಿ ತಪಾಸಣೆ ಬಿಡುವ ಹಾಗಿಲ್ಲ. ಈ ಅಂಕಿ ನೋಡಿದ ದಿನ ನಾನು ನೆಮ್ಮದಿಯಿಂದ ಊಟ ಮಾಡಿದ್ದೆ.

ವರ್ಷದ ಲೆಕ್ಕಕ್ಕಿಂತ ಮನೆಗೆ ಬಂದಮೇಲಿನ ದಿನಗಳ ಬಗ್ಗೆ ಈಗಲೇ ಯೋಚಿಸಿ. ನಮ್ಮ ಕಡೆ ಮನೆ ಅಂದರೆ ಕೊಟ್ಟಿಗೆ, ಗೊಬ್ಬರಗುಂಡಿ, ದರಕು (ಒಣ ಎಲೆ), ಹುಲ್ಲಿನ ಅಟ್ಟ, ಮಳೆಗಾಲದ ಬೂಷ್ಟು, ಎಲ್ಲ ಇದ್ದದ್ದೇ ಅಲ್ವಾ? ಆಸ್ಪರ್ಜಿಲಸ್ ಎಂಬ ಶಿಲೀಂಧ್ರಕ್ಕೆ ಇಂಥ ಜಾಗವೇ ಬೇಕು. ಅದು ಕಸಿ ಆದವರ ಶ್ವಾಸಕೋಶಕ್ಕೆ ಹೊಕ್ಕರೆ ಜೀವಕ್ಕೇ ಅಪಾಯ. ಅದಕ್ಕೇ ನಾವು ಮಳೆಗಾಲ ಮುಗಿಯುವವರೆಗೆ ಬೆಂಗಳೂರಲ್ಲಿ ಆಸ್ಪತ್ರೆ ಹತ್ತಿರವೇ ಬಾಡಿಗೆಗೆ ಇದ್ದೆವು. ಊರಿಗೆ ಬಂದಮೇಲೂ ಅವರನ್ನು ಕೊಟ್ಟಿಗೆ ಕಡೆ ಬಿಡಲಿಲ್ಲ. ಹಸಿ ತಂಬುಳಿ ನಿಲ್ಲಿಸಿದೆವು. ಚಕ್ಕೋತ ಕೊಡಲೇಬೇಡಿ, ಜಿವಿಎಚ್‌ಡಿ ತಡೆಯಲು ಕೊಡುವ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಮಾತ್ರೆಗಳ ಮಟ್ಟ ರಕ್ತದಲ್ಲಿ ಏರಿಬಿಡಬಹುದು. ನೋಡಿಕೊಂಡು ಹೋಗಲು ಬರುವ ನೆಂಟರನ್ನು ಅಂಗಳದಿಂದಲೇ ಮಾತಾಡಿಸಿ ಕಳಿಸಬೇಕಾಗುತ್ತದೆ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಚಿಕ್ಕಂದಿನ ಲಸಿಕೆಗಳನ್ನೂ ಡಾಕ್ಟರು ಹೇಳಿದಾಗ ಮತ್ತೆ ಹಾಕಿಸಬೇಕು.

ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಅಂಕೋಲೆಯಿಂದ ದೊಡ್ಡ ಆಸ್ಪತ್ರೆ ಅಂದರೆ ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾ. ಮಳೆಯಲ್ಲಿ ಘಟ್ಟದ ರಸ್ತೆ ಬೇರೆ. ಕಸಿ ಮಾಡಿದ ವಿಭಾಗದ ಫೋನ್ ನಂಬರ್ ಕೈಯಲ್ಲಿರಲಿ. ಫೈಲಿನ ಒಂದು ಪ್ರತಿಯನ್ನು ನಿಮ್ಮೂರಿನ ಡಾಕ್ಟರಿಗೆ ಮೊದಲೇ ಕೊಟ್ಟಿಡಿ. ರಾತ್ರಿ ಕರೆದರೆ ಬರುವ ಒಂದು ಕಾರನ್ನೂ ಈಗಲೇ ಗೊತ್ತುಮಾಡಿಕೊಳ್ಳಿ.