ಉಲ್ವೆಯಲ್ಲಿ ಮನೆ, ಫೋರ್ಟಿನಲ್ಲಿ ಆಫೀಸು: ಸೇತುವೆ ಟೋಲಿಗೆ ತಿಂಗಳಿಗೆ ಎಷ್ಟು ಎತ್ತಿಡಬೇಕು?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ಮುಂಬೈಗೆ ವರ್ಗವಾಗಿದೆ, ಆಫೀಸು ದಕ್ಷಿಣ ಮುಂಬೈಯ ಫೋರ್ಟಿನಲ್ಲಿ, ವಾರಕ್ಕೆ ಐದು ದಿನ ಹೋಗಬೇಕು. ಮನೆ ನವಿ ಮುಂಬೈಯ ಉಲ್ವೆ, ಖಾರ್ಘರ್, ಇಲ್ಲವೇ ಮುಂಬೈಯ ಬಾಂದ್ರಾ, ಈ ಮೂರರಲ್ಲಿ ಒಂದು ಕಡೆ. ಕಾರೂ ಇದೆ, ಬೈಕೂ ಇದೆ. ಸೇತುವೆ ಟೋಲಿಗೆ ತಿಂಗಳಿಗೆ ಎಷ್ಟಾಗುತ್ತದೆ, ಪಾಸ್ ಮಾಡಿಸಿದರೆ ಏನಾದರೂ ಉಳಿಯುತ್ತದಾ?

ನಾನು ಹತ್ತು ವರ್ಷ ನೆರೂಲ್‌ನಲ್ಲಿದ್ದು ಈಗ ಉಲ್ವೆಗೆ ಬಂದವನು. ನನ್ನ ಆಫೀಸೂ ಫೋರ್ಟಿನ ಹತ್ತಿರವೇ. ಹಾಗಾಗಿ ಈ ಲೆಕ್ಕವನ್ನು ಕಾಗದದ ಮೇಲೂ ಹಾಕಿದ್ದೇನೆ, ಜೇಬಿನಿಂದಲೂ ಕಟ್ಟಿದ್ದೇನೆ.

ಬೈಕಿನ ಮಾತು ಮೊದಲು ಮುಗಿಸಿಬಿಡೋಣ. ಮುಂಬೈಯಿಂದ ನವಿ ಮುಂಬೈಗೆ ಸಮುದ್ರ ದಾಟಿಸುವ ಅಟಲ್ ಸೇತುವಿನ ಮೇಲೆ ಬೈಕು ಬಿಡುವುದಿಲ್ಲ. ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೂ ಇಲ್ಲ, ಕೋಸ್ಟಲ್ ರೋಡಿನಲ್ಲೂ ಇಲ್ಲ, ಈಸ್ಟರ್ನ್ ಫ್ರೀವೇ ಮೇಲೂ ಇಲ್ಲ. ಅಂದರೆ ನವಿ ಮುಂಬೈಯಿಂದ ಬೈಕಿನಲ್ಲಿ ಬರಬೇಕು ಅಂದರೆ ವಾಶಿ ಖಾಡಿ ಸೇತುವೆ ದಾಟಿ, ಮಾನ್‌ಖುರ್ದ್, ಚೆಂಬೂರ್ ಸಿಗ್ನಲ್‌ಗಳಲ್ಲಿ ಹೊಗೆ ಕುಡಿದು ಬರಬೇಕು. ಮಳೆಗಾಲದಲ್ಲಿ ಒಂದು ವಾರ ಮಾಡಿ ನೋಡಿ, ಎರಡನೇ ವಾರ ನೀವೇ ಬಿಡುತ್ತೀರಿ. ಬೈಕನ್ನು ಮನೆಯಿಂದ ಸ್ಟೇಷನ್‌ವರೆಗೆ ಇಟ್ಟುಕೊಳ್ಳಿ.

ಇನ್ನು ಕಾರು. ನೆಟ್‌ನಲ್ಲಿ ಹುಡುಕಿದರೆ ವಾಶಿ ನಾಕಾದಲ್ಲಿ, ಅಂದರೆ ಟೋಲ್ ಗೇಟಿನಲ್ಲಿ, 45 ರೂಪಾಯಿ ಅಂತ ಈಗಲೂ ಕಾಣಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ವಾಶಿ, ಐರೋಲಿ, ಮುಲುಂಡ್‌ನ ಎರಡು, ದಹಿಸರ್ ಹೀಗೆ ಮುಂಬೈ ಬಾಗಿಲಿನ ಐದೂ ನಾಕಾಗಳಲ್ಲಿ 2024ರ ಅಕ್ಟೋಬರ್ 14ರ ಮಧ್ಯರಾತ್ರಿಯಿಂದ ಕಾರಿಗೆ ಟೋಲ್ ಇಲ್ಲ. ಮರುದಿನವೇ ವಿಧಾನಸಭೆ ಚುನಾವಣೆ ಘೋಷಣೆಯಾಯಿತು, ಯಾಕೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಲಾರಿಗಳಿಗೆ ಆ ಮಾಫಿ ಕೊಡಲಿಲ್ಲ. ನಿಮಗೆ ಸಂಬಂಧಪಟ್ಟದ್ದು ಇಷ್ಟೇ: ವಾಶಿ ಮೇಲೆ ಬಂದರೆ ಟೋಲ್ ಸೊನ್ನೆ, ಅಲ್ಲಿಂದ ಮುಂದೆ ಈಸ್ಟರ್ನ್ ಫ್ರೀವೇಯೂ ಪುಕ್ಕಟೆ.

ಹಾಗಾದರೆ ಅಟಲ್ ಸೇತು ಯಾಕೆ ಬೇಕು? ಇಲ್ಲೇ ಇರುವುದು ನಿಜವಾದ ಲೆಕ್ಕ. 2024ರ ಜನವರಿ 12ಕ್ಕೆ ಉದ್ಘಾಟನೆಯಾದ ಸೇತುವೆ ಇದು, ಮುಂಬೈ ಕಡೆಯ ಶಿವಡಿಯಿಂದ ನವಿ ಮುಂಬೈ ಕಡೆಯ ಚಿರ್ಲೆವರೆಗೆ 21.8 ಕಿಲೋಮೀಟರ್, ಅದರಲ್ಲಿ 16.5 ಸಮುದ್ರದ ಮೇಲೆ. ಮೊದಲು ಕಾರಿಗೆ 500 ರೂಪಾಯಿ ಇಡುವ ಮಾತಿತ್ತು, ಎಲ್ಲರೂ ಬಾಯಿ ಬಾಯಿ ಬಿಟ್ಟ ಮೇಲೆ 250ಕ್ಕೆ ಇಳಿಸಿದರು. ಅದು ಪೂರ್ತಿ ದೂರಕ್ಕೆ, ಒಂದು ಸಲಕ್ಕೆ. ಹೋಗಿ ಬರಲು 375. ಉಲ್ವೆಯವರಿಗೆ ಇನ್ನೂ ಕಡಿಮೆ, ಯಾಕೆಂದರೆ ನಾವು ಮಧ್ಯದಲ್ಲೇ ಶಿವಾಜಿನಗರದಲ್ಲಿ ಹತ್ತಿ ಇಳಿಯುತ್ತೇವೆ. ಅಲ್ಲಿಂದ ಶಿವಡಿಗೆ 200, ಹೋಗಿ ಬರಲು 300. ತಿಂಗಳಿಗೆ 22 ದಿನ ಹಿಡಿದರೆ 6,600 ರೂಪಾಯಿ. ಈ ಶಿವಾಜಿನಗರ ಅಂದರೆ ನಮ್ಮ ಬೆಂಗಳೂರಿನ ಶಿವಾಜಿನಗರ ಅಲ್ಲ ಮತ್ತೆ, ಊರಿನಿಂದ ಬಂದ ನನ್ನ ಭಾವ ಒಮ್ಮೆ ನಿಜವಾಗಿಯೂ ಗಲಿಬಿಲಿಯಾಗಿದ್ದ.

6,600 ಅಂತ ಕೇಳಿದಾಗ ಜಾಸ್ತಿ ಅನಿಸುತ್ತದೆ. ಆದರೆ ಪೆಟ್ರೋಲ್ ಪಕ್ಕದಲ್ಲಿಟ್ಟು ನೋಡಿ. ನನ್ನ ಮನೆಯಿಂದ ಫೋರ್ಟಿಗೆ ವಾಶಿ ಸುತ್ತಿ ಹೋದರೆ ಅಟಲ್ ಸೇತುವಿಗಿಂತ ಸುಮಾರು 13 ಕಿಲೋಮೀಟರ್ ಜಾಸ್ತಿ. ಹೋಗಿ ಬರಲು 26, ತಿಂಗಳಿಗೆ 572. ನನ್ನ ಕಾರು ಲೀಟರಿಗೆ 14 ಕೊಡುತ್ತದೆ, ಹತ್ತಿರ ಹತ್ತಿರ 41 ಲೀಟರು ಆಯಿತು. ಲೀಟರಿಗೆ 104 ರೂಪಾಯಿ ಹಿಡಿದರೆ 4,250. ಅಂದರೆ ಟೋಲ್ 6,600 ಕೊಟ್ಟರೂ ಕೈಯಿಂದ ನಿಜವಾಗಿ ಹೆಚ್ಚುವರಿಯಾಗಿ ಹೋಗುವುದು 2,350. ಅದಕ್ಕೆ ನನಗೆ ಸಿಗುವುದು ದಿನಕ್ಕೆ ಒಂದು ಗಂಟೆಗಿಂತ ಸ್ವಲ್ಪ ಮೇಲೆ. ವಾಶಿ ದಾರಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಒಂದೂವರೆ ಗಂಟೆ ಗ್ಯಾರಂಟಿ, ಸೇತುವೆ ಮೇಲೆ ಬಂದರೆ ಐವತ್ತು ನಿಮಿಷ. ಇದು ನನ್ನ ಮನೆ, ನನ್ನ ಕಾರಿನ ಲೆಕ್ಕ, ನಿಮ್ಮದು ಸ್ವಲ್ಪ ಆಚೀಚೆ ಆಗಬಹುದು.

ಖಾರ್ಘರ್‌ನಲ್ಲಿ ಮನೆ ಮಾಡಿದರೆ ಈ ಲೆಕ್ಕ ಕೆಡುತ್ತದೆ. ಅಲ್ಲಿಂದ ಸೇತುವೆ ಹತ್ತಲು ನೀವು ಮೊದಲು ಉಲ್ವೆ ಕಡೆ ಕೆಳಗೆ ಬರಬೇಕು. ದೂರದಲ್ಲಿ ಏನೂ ಉಳಿಯುವುದಿಲ್ಲ, ಟೋಲ್ ಪೂರ್ತಿ ಮೈಮೇಲೆ. ಸಮಯ ಒಂದಿಷ್ಟು ಉಳಿಯಬಹುದು, ಆದರೆ ತಿಂಗಳಿಗೆ 6,600 ಕೊಟ್ಟು ಕೊಳ್ಳುವಷ್ಟಲ್ಲ ಅನ್ನುವುದು ನನ್ನ ಅಭಿಪ್ರಾಯ. ಖಾರ್ಘರ್‌ನ ನನ್ನ ಸ್ನೇಹಿತರು ಸುಮ್ನೆ ವಾಶಿ ಮೇಲೆ ಹೋಗುತ್ತಾರೆ, ಬೈದುಕೊಳ್ಳುತ್ತಲೇ ಹೋಗುತ್ತಾರೆ.

ಈಗ ಪಾಸಿನ ವಿಷಯ. ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವುತ್ತಿದ್ದೆ, ಹೆಂಡತಿ ಕ್ಯಾಲ್ಕುಲೇಟರ್ ತೆಗೆದು ಉಳಿಸಿದಳು. ಅಟಲ್ ಸೇತುವಿನ ಪೂರ್ತಿ ದೂರದ ತಿಂಗಳ ಪಾಸ್ ಕಾರಿಗೆ 12,500. ಅಂದರೆ 250ರ ಐವತ್ತು ಟಿಕೆಟ್. ಕೇಳಲು ಏನೋ ರಿಯಾಯಿತಿ ಇದ್ದ ಹಾಗಿದೆ ಅಲ್ವಾ? ಆದರೆ ಪೂರ್ತಿ ದೂರಕ್ಕೆ ಹೋಗಿ ಬರುವ ದರ 375 ಮಾತ್ರ. 12,500ನ್ನು 375ರಿಂದ ಭಾಗಿಸಿ: 33 ದಿನ. ಮೂವತ್ತಮೂರು ದಿನ ಇರುವ ತಿಂಗಳು ಯಾವ ಪಂಚಾಂಗದಲ್ಲೂ ಇಲ್ಲ. ದಿನಕ್ಕೆ ಎರಡು ಮೂರು ಸಲ ಓಡಾಡುವ ಟ್ಯಾಕ್ಸಿಯವರಿಗೆ ಇದು ಸರಿ, ಆಫೀಸಿಗೆ ಹೋಗಿ ಬರುವವರಿಗೆ ಶುದ್ಧ ನಷ್ಟ.

ಪೂರ್ತಿ ದೂರದ ವರ್ಷದ ಪಾಸ್ 75,000, ಅದು ಬೇರೆ ಕತೆ. 375ರಿಂದ ಭಾಗಿಸಿದರೆ 200 ದಿನ. ವಾರಕ್ಕೆ ಐದು ದಿನ ಹೋಗುವವರು ರಜೆ, ಹಬ್ಬ, ಊರಿಗೆ ಹೋಗಿದ್ದು ಎಲ್ಲಾ ಕಳೆದು ವರ್ಷಕ್ಕೆ 230 ದಿನವಾದರೂ ದಾಟುತ್ತಾರೆ, ಆಗ ಹತ್ತು ಹನ್ನೊಂದು ಸಾವಿರ ಉಳಿಯುತ್ತದೆ. ಆದರೆ ಆಫೀಸಿನವರು ನಾಳೆ ವಾರಕ್ಕೆ ಮೂರು ದಿನ ಬಂದರೆ ಸಾಕು ಅಂದರೆ? ವರ್ಷಕ್ಕೆ 140 ದಿನ ಆಯಿತು ಅಂದುಕೊಳ್ಳಿ. ದಿನದ ಲೆಕ್ಕದಲ್ಲಿ ಕೊಟ್ಟಿದ್ದರೆ 52,500, ಪಾಸಿಗೆ ಕಟ್ಟಿದ್ದು 75,000. ಇಷ್ಟು ದುಡ್ಡು ಮುಂಚೆಯೇ ಕಟ್ಟುವ ಧೈರ್ಯ ನನಗಿಲ್ಲ.

ಇನ್ನೊಂದು ಪಾಸ್ ಇದೆ, ಅದರ ಬಗ್ಗೆ ಬೆಂಗಳೂರಿನವರು ನನ್ನನ್ನು ತುಂಬಾ ಕೇಳುತ್ತಾರೆ. 2025ರ ಆಗಸ್ಟ್ 15ಕ್ಕೆ 3,000 ರೂಪಾಯಿಗೆ 200 ಸಲ ಅಂತ ಶುರುವಾದ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್. ಅದು ರಾಷ್ಟ್ರೀಯ ಹೆದ್ದಾರಿಗೆ ಮಾತ್ರ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ನಡೆಯುತ್ತದೆ, ಅಟಲ್ ಸೇತು, ಸೀ ಲಿಂಕ್ ಎರಡರಲ್ಲೂ ನಡೆಯುವುದಿಲ್ಲ. ಇವು ರಾಜ್ಯದವರ ಸೇತುವೆಗಳು, ದುಡ್ಡು ಎಂದಿನಂತೆ ಕಟ್ಟಾಗುತ್ತದೆ.

ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುವ ಯೋಚನೆ ಇದ್ದರೆ ಮೇಲಿನದ್ದೆಲ್ಲ ಮರೆತುಬಿಡಿ. 2025ರ ಆಗಸ್ಟ್‌ನಿಂದ ಅಟಲ್ ಸೇತುವಿನಲ್ಲಿ ಅವಕ್ಕೆ ಟೋಲ್ ಮಾಫಿ. ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಹಸಿರು ನಂಬರ್ ಪ್ಲೇಟು ಯಾಕೆ ಹೆಚ್ಚುತ್ತಿದೆ ಅಂತ ಈಗ ಗೊತ್ತಾಯಿತಲ್ಲ.

ಬಾಂದ್ರಾ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಸೀ ಲಿಂಕ್ 2024ರ ಏಪ್ರಿಲ್ 1ರಿಂದ ಒಂದು ಸಲಕ್ಕೆ 100, ಹೋಗಿ ಬರಲು 150, 22 ದಿನಕ್ಕೆ 3,300. ಈ ದರ 2027ರ ಮಾರ್ಚ್‌ವರೆಗೆ ಅಂತ ಇಟ್ಟಿದ್ದಾರೆ. ವರ್ಲಿಯಲ್ಲಿ ಇಳಿಯದೆ ಹಾಗೇ ಕೋಸ್ಟಲ್ ರೋಡಿಗೆ ಸೇರಿ ಮರೀನ್ ಡ್ರೈವ್‌ವರೆಗೆ ಬರಬಹುದು, ಆ ರಸ್ತೆಗೆ ಟೋಲ್ ಇಲ್ಲ. ದಾರಿ ಚೆನ್ನಾಗಿದೆ, ಟೋಲೂ ಕಡಿಮೆ. ಆದರೆ ಬಾಂದ್ರಾದ ಬಾಡಿಗೆ ಕೇಳಿದ ಮೇಲೆ ಟೋಲಿನ ಪ್ರಶ್ನೆ ನಿಮಗೆ ನೆನಪೇ ಇರುವುದಿಲ್ಲ.

ಸೀ ಲಿಂಕ್‌ನಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ, ಅದನ್ನೂ ಹೇಳುತ್ತೇನೆ. ಭಾನುವಾರ ಸಂಜೆ, ಬಾಂದ್ರಾ ಕಡೆಯ ಟೋಲ್ ನಾಕಾ, ಹಿಂದೆ ಉದ್ದ ಸಾಲು. ಯಂತ್ರ ಕೀಂಯ್ ಅಂತು, ಗೇಟು ಏಳಲಿಲ್ಲ. ಫಾಸ್ಟ್‌ಟ್ಯಾಗ್‌ನಲ್ಲಿ 60 ರೂಪಾಯಿ ಮಾತ್ರ ಉಳಿದಿತ್ತು. ಮೆಸೇಜು ಎರಡು ದಿನ ಮುಂಚೆಯೇ ಬಂದಿತ್ತು, ನಾನೇ ನೋಡಿರಲಿಲ್ಲ. ಟ್ಯಾಗ್ ಕೆಲಸ ಮಾಡದಿದ್ದರೆ ಡಬಲ್ ಕೊಡಬೇಕು, 200 ಕೊಟ್ಟೆ. ದುಡ್ಡಿಗಿಂತ ಹಿಂದಿನ ಕಾರುಗಳ ಹಾರ್ನ್ ಜಾಸ್ತಿ ನಾಟಿತು. ಆವತ್ತಿನಿಂದ ಆಟೋ ರೀಚಾರ್ಜ್ ಹಾಕಿಟ್ಟಿದ್ದೇನೆ.

ಅಟಲ್ ಸೇತು ತೆಗೆದುಕೊಂಡರೂ ಒಂದು ಮಾತು ನೆನಪಿಡಿ. ಸೇತುವೆ ಮೇಲೆ ಗಂಟೆಗೆ 100ರಲ್ಲಿ ಬಂದು, ಟ್ರಾಂಬೆ ಕಡೆಯ ಆ ಎತ್ತರದ ತಡೆಗೋಡೆ ದಾಟಿ ಶಿವಡಿಯಲ್ಲಿ ಇಳಿದಾಗ ಎಲ್ಲಾ ಗೆದ್ದ ಹಾಗೆ ಅನಿಸುತ್ತದೆ. ಅಲ್ಲಿಂದ ಫ್ರೀವೇ ಹಿಡಿದು ಪಿ. ಡಿಮೆಲ್ಲೊ ರೋಡಿಗೆ ಇಳಿಯುವಾಗ ಆರೆಂಜ್ ಗೇಟ್ ಹತ್ತಿರ ಹತ್ತು ಹದಿನೈದು ನಿಮಿಷ ಆಮೆ ನಡಿಗೆ. ಅಲ್ಲಿ ಮರೀನ್ ಡ್ರೈವ್ ಕಡೆಗೆ ಸುರಂಗದ ಕೆಲಸ ಬೇರೆ ನಡೆಯುತ್ತಿದೆ. ನಿಮ್ಮದು ಫೋರ್ಟ್, ಆದ್ದರಿಂದ ಇಷ್ಟಕ್ಕೆ ಮುಗಿಯುತ್ತದೆ. ಆಫೀಸು ಲೋವರ್ ಪರೇಲ್‌ನಲ್ಲೋ ವರ್ಲಿಯಲ್ಲೋ ಇದ್ದಿದ್ದರೆ ಈ ಸೇತುವೆ ಬೇಡ ಅಂತಲೇ ಹೇಳುತ್ತಿದ್ದೆ. ಶಿವಡಿಯಿಂದ ವರ್ಲಿಗೆ ಹೋಗುವ ಮೇಲ್ಸೇತುವೆ ಓಡಾಟಕ್ಕೆ ಬರುವವರೆಗೆ ಪರೇಲ್‌ನ ಗಲ್ಲಿಗಳಲ್ಲಿ ಉಳಿಸಿದ ಸಮಯವೆಲ್ಲ ಕರಗಿಹೋಗುತ್ತದೆ.

ನಾನು ಏನು ಮಾಡುತ್ತೇನೆ ಅಂದರೆ, ವಾರಕ್ಕೆ ಎರಡು ದಿನ ಕಾರು, ಮೂರು ದಿನ ರೈಲು. ಉಲ್ವೆಗೆ ಈಗ ಖಾರ್‌ಕೋಪರ್, ಬಾಮನ್‌ಡೋಂಗ್ರಿ ಸ್ಟೇಷನ್‌ಗಳಿವೆ. ನೆರೂಲ್ ಅಥವಾ ಬೇಲಾಪುರದಲ್ಲಿ ಹಾರ್ಬರ್ ಲೈನಿಗೆ ಬದಲಿಸಿ ಸಿಎಸ್‌ಎಂಟಿಯಲ್ಲಿ ಇಳಿದರೆ ಫೋರ್ಟ್ ನಡೆದು ಹೋಗುವಷ್ಟು ದೂರ. ನಿಧಾನ ನಿಜ, ಗಾಡಿ ಸಂಖ್ಯೆಯೂ ಕಡಿಮೆ, ಒಂದು ತಪ್ಪಿದರೆ ಕಾಯಬೇಕು. ಸೇತುವೆ ಮೇಲೆ ನವಿ ಮುಂಬೈ ಪಾಲಿಕೆಯ ಬಸ್ಸೂ ಓಡುತ್ತದೆ, ನನ್ನ ಸಮಯಕ್ಕೆ ಕೂಡಿಬರುವುದಿಲ್ಲ ಅಷ್ಟೇ. ಹೀಗೆ ಮಾಡಿದರೆ ತಿಂಗಳ ಟೋಲ್ 2,400ರಿಂದ 2,700ರೊಳಗೆ ಮುಗಿಯುತ್ತದೆ.

ಉಲ್ವೆಯಲ್ಲಿ ಮನೆ ನೋಡುವಾಗ ಸೆಕ್ಟರ್ ನಂಬರು ಕೇಳಿಕೊಳ್ಳಿ. ಬ್ರೋಕರು ಎಲ್ಲವನ್ನೂ "ಸೇತುವೆ ಪಕ್ಕದಲ್ಲೇ" ಅನ್ನುತ್ತಾನೆ. ಬೆಳಿಗ್ಗೆ ಎಂಟೂವರೆಗೆ ಆ ಮನೆಯ ಗೇಟಿನಿಂದ ಶಿವಾಜಿನಗರದ ರ‍್ಯಾಂಪಿನವರೆಗೆ ಒಮ್ಮೆ ನೀವೇ ಕಾರು ಓಡಿಸಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.