ಓದುಗರ ಪ್ರಶ್ನೆ: ಪಿಎಚ್.ಡಿ. ಆದ ಮೇಲೆ ಎಂಬಿಎಗೆ ಅರ್ಜಿ

ಪ್ರಶ್ನೆ: ಮಾನ್ಯರೆ, ನನಗೆ 34 ವರ್ಷ. ಆಹಾರ ವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿ, 6 ವರ್ಷಗಳಿಂದ ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರಾಜೆಕ್ಟ್ ವಿಜ್ಞಾನಿಯಾಗಿ ಕೆಲಸ ಮಾಡುತ್ತಿದ್ದೇನೆ. ನಮ್ಮದು ಪಾಂಡವಪುರ ತಾಲ್ಲೂಕಿನಲ್ಲಿ ಆಲೆಮನೆ ನಡೆಸುತ್ತಿದ್ದ ಮನೆತನ. ಮಳೆಗಾಲದಲ್ಲಿ ಬೆಲ್ಲ ತೇವ ಹೀರಿ ಕರಗುವುದನ್ನು ತಡೆಯುವುದೇ ನನ್ನ ಸಂಶೋಧನೆಯ ವಿಷಯ. 11 ಲೇಖನಗಳು ಪ್ರಕಟವಾಗಿವೆ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಮಂಜೂರಾಗುವವರೆಗೆ ಕಾಯುವುದೇ ಬದುಕಾಗಿದೆ. ಈಗ ಎಂಬಿಎ ಮಾಡೋಣವೆಂದರೆ, ಇಷ್ಟು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ನನ್ನ ಗೈಡ್ ಬೇಸರಪಟ್ಟರು. ನನ್ನಂಥವರನ್ನು ತೆಗೆದುಕೊಳ್ಳುತ್ತಾರೆಯೆ? ಬಯೋಡೇಟಾ ಲಗತ್ತಿಸಿದ್ದೇನೆ.
– ಹೆಸರು ಬೇಡ, ಮೈಸೂರು

ಉತ್ತರ: ತೆಗೆದುಕೊಳ್ಳುತ್ತಾರೆ, ಆದರೆ ಕೋರ್ಸನ್ನು ಸರಿಯಾಗಿ ಆರಿಸಿಕೊಳ್ಳಬೇಕು. ಎಂಬಿಎ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಭಾರತೀಯ ನಿರ್ವಹಣಾ ಸಂಸ್ಥೆಗಳ (ಐಐಎಂ) ಪ್ರವೇಶ ಪರೀಕ್ಷೆ ಕ್ಯಾಟ್. ಅದಕ್ಕೆ ವಯಸ್ಸಿನ ಮಿತಿಯಿಲ್ಲ, ಮೈಸೂರಿನಲ್ಲೇ ಪರೀಕ್ಷಾ ಕೇಂದ್ರವೂ ಇರುತ್ತದೆ. ಆದರೆ ಐಐಎಂಗಳ ಎರಡು ವರ್ಷದ ಕೋರ್ಸಿಗೆ ಆಯ್ಕೆ ಮಾಡುವಾಗ ಕ್ಯಾಟ್ ಅಂಕದ ಜೊತೆಗೆ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಗಳನ್ನೂ ತೂಗುತ್ತಾರೆಯೇ ಹೊರತು ನಿಮ್ಮ ಪಿಎಚ್.ಡಿ.ಗೆ ಅಲ್ಲಿ ದೊಡ್ಡ ಬೆಲೆಯೇನೂ ಸಿಗುವುದಿಲ್ಲ. ಪಕ್ಕದಲ್ಲಿ ಕೂರುವವರೂ ಬಹುಪಾಲು 22ರಿಂದ 25 ವರ್ಷದವರು. ನಿಮಗೆ ಹೊಂದುವುದು ಅನುಭವಿಗಳಿಗೆಂದೇ ಇರುವ ಒಂದು ವರ್ಷದ ಪೂರ್ಣಾವಧಿ ಕೋರ್ಸು. ಬೆಂಗಳೂರು ಐಐಎಂನ ಇಪಿಜಿಪಿಗೆ ಪದವಿಯ ನಂತರ ಕನಿಷ್ಠ 5 ವರ್ಷ, ಅಹಮದಾಬಾದ್ ಐಐಎಂನ ಪಿಜಿಪಿಎಕ್ಸ್‌ಗೆ 4 ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಫೆಲೋಶಿಪ್ ಪಡೆದು ಪಿಎಚ್.ಡಿ. ಮಾಡಿದ ವರ್ಷಗಳನ್ನು ಇದರಲ್ಲಿ ಸೇರಿಸಿಕೊಳ್ಳಬೇಡಿ. ಆಮೇಲಿನ 6 ವರ್ಷಗಳಲ್ಲೂ, ಎರಡು ಪ್ರಾಜೆಕ್ಟ್‌ಗಳ ನಡುವೆ ಸಂಬಳವಿಲ್ಲದೆ ಕಳೆದ ತಿಂಗಳುಗಳನ್ನು ಬಿಟ್ಟು, ನೇಮಕಾತಿ ಆದೇಶವಿರುವ ಅವಧಿ ಎಷ್ಟಾಗುತ್ತದೆಂದು ಕೂಡಿಸಿ ನೋಡಿ. 5 ವರ್ಷಕ್ಕೆ ಎರಡು ಮೂರು ತಿಂಗಳು ಕಡಿಮೆ ಬಿದ್ದರೆ ಪ್ರವೇಶ ವಿಭಾಗಕ್ಕೆ ಬರೆದು ಲಿಖಿತ ಉತ್ತರ ತರಿಸಿಕೊಂಡ ಮೇಲೆಯೇ ಅರ್ಜಿ ಶುಲ್ಕ ಕಟ್ಟಿ.

ಈ ಒಂದು ವರ್ಷದ ಕೋರ್ಸುಗಳಿಗೆ ಜಿಮ್ಯಾಟ್ ಅಥವಾ ಜಿಆರ್‌ಇ ಎಂಬ ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆಯ ಅಂಕ ನಡೆಯುತ್ತದೆ. ಎರಡರ ಅಂಕಗಳೂ 5 ವರ್ಷ ಊರ್ಜಿತ. ಜಿಮ್ಯಾಟ್ 2023ರ ನವೆಂಬರಿನಲ್ಲಿ ರೂಪ ಬದಲಿಸಿತು. ಈಗ ಗಣಿತ, ಭಾಷೆ, ದತ್ತಾಂಶಗಳ ವಿಶ್ಲೇಷಣೆ ಎಂಬ ಮೂರು ಭಾಗ, ತಲಾ 45 ನಿಮಿಷ. ರೇಖಾಗಣಿತವೂ ಪ್ರಬಂಧವೂ ಇಲ್ಲ. ಹಳೇ ಪುಸ್ತಕದಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅದಕ್ಕಿಂತ ಹಿಂದಿನ ಪುಸ್ತಕ ಕೊಂಡರೆ, ಪರೀಕ್ಷೆಯಲ್ಲಿಲ್ಲದ ತ್ರಿಕೋನಗಳ ಮೇಲೆ ಎರಡು ತಿಂಗಳು ಕಳೆಯುತ್ತೀರಿ.

ಇನ್ನು ನಿಮ್ಮ ಬಯೋಡೇಟಾ. ಮೂರು ಪುಟಗಳಲ್ಲಿ ಎರಡೂವರೆ ಪುಟ ಲೇಖನಗಳ ಮತ್ತು ವಿಚಾರ ಸಂಕಿರಣಗಳ ಪಟ್ಟಿಯೇ ಇದೆ. ಕೊನೆಯಲ್ಲಿ, ಸಂಕೋಚದಿಂದ ಬರೆದಂತೆ, ‘ಇತರೆ: 42 ಲಕ್ಷ ರೂ. ಪ್ರಾಜೆಕ್ಟಿನ ದೈನಂದಿನ ಕೆಲಸ, 2 ಜೆಆರ್‌ಎಫ್ (ಕಿರಿಯ ಸಂಶೋಧಕರು), 14 ಆಲೆಮನೆಗಳಲ್ಲಿ ಪ್ರಯೋಗ’ ಎಂಬ ಒಂದು ಸಾಲು. ನಿಮ್ಮ ಅರ್ಜಿ ಹುಟ್ಟಬೇಕಾದದ್ದು ಆ ಸಾಲಿನಿಂದ. ಉಪಕರಣಕ್ಕೆ ಇಂಡೆಂಟ್ ಹಾಕಿ, ಮೂರು ಕೊಟೇಷನ್ ತರಿಸಿ, ಮಾರ್ಚ್ 31ರೊಳಗೆ ಹಣ ವಾಪಸ್ ಹೋಗದಂತೆ ಬಿಲ್ಲು ಪಾಸು ಮಾಡಿಸಿ, ಯುಟಿಲೈಜೇಷನ್ ಸರ್ಟಿಫಿಕೇಟಿನ (ಹಣ ಬಳಕೆಯ ದೃಢೀಕರಣದ) ಸಹಿಗಾಗಿ ಲೆಕ್ಕಪತ್ರ ಶಾಖೆಯ ಮೇಜಿನ ಮುಂದೆ ನಿಂತವರು ನೀವೇ ಅಲ್ಲವೆ? ಕಬ್ಬು ಅರೆಯುವ ದಿನಗಳಲ್ಲಿ ಮಾತನಾಡಲೂ ಪುರುಸೊತ್ತಿಲ್ಲದ ಆಲೆಮನೆ ಮಾಲೀಕರನ್ನು ಒಪ್ಪಿಸಿ, ಅವರ ಅಚ್ಚುಬೆಲ್ಲದ ಮೇಲೆ ನಿಮ್ಮ ಪ್ಯಾಕಿಂಗ್ ಪರೀಕ್ಷಿಸಿದವರೂ ನೀವೇ. ಇದನ್ನೆಲ್ಲ ನೀವು ಸಂಶೋಧನೆಗೆ ಅಡ್ಡ ಬಂದ ಉಪದ್ರವವೆಂದು ಎಣಿಸಿದ್ದೀರಿ. ಬಿ-ಸ್ಕೂಲಿನವರು ಹುಡುಕುವ ಅನುಭವವೇ ಇದು. ಬಜೆಟ್ ಎಷ್ಟು, ಕೈಕೆಳಗೆ ಎಷ್ಟು ಜನ, ಯಾವ ತೀರ್ಮಾನ ನಿಮ್ಮದು ಎಂಬುದು ಮೊದಲ ಪುಟದಲ್ಲಿ ಬರಲಿ. 11 ಲೇಖನಗಳಿಗೆ ಒಂದು ಸಾಲು ಸಾಕು. ಎರಡನೆಯ ವರ್ಷ, ಫಲಿತಾಂಶ ಚೆನ್ನಾಗಿದ್ದರೂ ದುಬಾರಿಯಾಯಿತೆಂದು ಒಂದು ಬಗೆಯ ಪ್ಯಾಕಿಂಗನ್ನು ಕೈಬಿಟ್ಟೆ ಎಂದು ಬಯೋಡೇಟಾದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೀರಿ. ಪ್ರವೇಶದ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗದು; ಯಾರು ಬೇಡವೆಂದರು, ಯಾವ ಲೆಕ್ಕ ನೋಡಿ ನಿರ್ಧರಿಸಿದಿರಿ ಎಂಬುದನ್ನು ಬಿಡಿಸಿ ಬರೆಯಿರಿ.

ಸಂದರ್ಶನದಲ್ಲಿ ಸಂಶೋಧನೆ ಏಕೆ ಬಿಟ್ಟಿರಿ ಎಂದು ಕೇಳಿಯೇ ಕೇಳುತ್ತಾರೆ. ಹಿಂದೆ ನಾನು ಕೆಲವು ವರ್ಷ ಇಂಥ ಸಂದರ್ಶನ ಸಮಿತಿಗಳಲ್ಲಿ ಕೂತವನು. ಖಾಯಂ ಹುದ್ದೆಗಳಿಲ್ಲ ಎಂದು ಹತ್ತು ನಿಮಿಷ ಗೋಳು ತೋಡಿಕೊಂಡವರ ಬಗ್ಗೆ ನಮಗೆ ಮರುಕವೇನೋ ಹುಟ್ಟುತ್ತಿತ್ತು, ಅಂಕ ಮಾತ್ರ ಬೀಳುತ್ತಿರಲಿಲ್ಲ. ಅದು ನಿಜವೇ ಆದ್ದರಿಂದ ಒಂದು ವಾಕ್ಯದಲ್ಲಿ ಹೇಳಿ ಬೆಲ್ಲಕ್ಕೆ ಬನ್ನಿ. ಬೆಲ್ಲದಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್‌ಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಹಾಗಾಗಿ ದಾಸ್ತಾನು ಇಡಲಾರದ ಆಲೆಮನೆಯವನು ಮಂಡ್ಯದ ಎಪಿಎಂಸಿಯಲ್ಲಿ ಆ ದಿನ ಕೇಳಿದ ದರಕ್ಕೆ ಮಾರಿ ಬರುತ್ತಾನೆ. ತೇವ ತಡೆಯುವ ದಾರಿ ನಿಮಗೆ ಸಿಕ್ಕಿದೆ, ಆದರೆ ಕಿಲೋಗೆ ಬೀಳುವ ಹೆಚ್ಚುವರಿ ಖರ್ಚನ್ನು ಆಲೆಮನೆಯವನು ಹೊರಬೇಕೋ, ವರ್ತಕನೋ, ಪೇಟೆಯ ಗಿರಾಕಿಯೋ ಎಂಬ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಅದನ್ನು ಕಲಿಯಲು ಬಂದಿದ್ದೇನೆ ಎಂದರೆ ಯಾರಾದರೂ ತಲೆದೂಗುತ್ತಾರೆ. ನಮ್ಮೂರಿನ ಉದಾಹರಣೆಯೇ ಇದೆ: ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದ್ದು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಅದನ್ನು ಮನೆಮನೆಗೆ ಮುಟ್ಟಿಸಿದ್ದು ಗುಜರಾತಿನ ಅಮುಲ್.

ಶಿಫಾರಸು ಪತ್ರಕ್ಕೆ, ಹುಣಸೆಹಣ್ಣಿನ ಮಾತಾಡಿದ ಗೈಡ್ ಬಳಿಯೇ ನೀವು ಹೋಗಬೇಕಾದೀತು. ‘ಪರಿಶ್ರಮಿ, ಪ್ರಾಮಾಣಿಕ’ ಎಂಬ ಮಾಮೂಲಿ ಪತ್ರ ಬೇಡ, ಪ್ಯಾಕಿಂಗ್ ಕೈಬಿಟ್ಟ ಪ್ರಸಂಗವನ್ನು ಬರೆದುಕೊಡಿ ಎಂದು ವಿನಂತಿಸಿ.

ಹಣದ ಮಾತು. ಈ ಕೋರ್ಸುಗಳ ಖರ್ಚು 30 ಲಕ್ಷ ರೂಪಾಯಿಯ ಆಸುಪಾಸು ಅಥವಾ ಅದಕ್ಕೂ ಮೇಲೆ. ಒಂದು ವರ್ಷದ ಸಂಬಳವೂ ಹೋಗುತ್ತದೆ. ನಿಮ್ಮ ಮನಸ್ಸಿನಲ್ಲಿರುವುದು ಕಂಪನಿಯ ಕೆಲಸವಲ್ಲ, ಸ್ವಂತ ಉದ್ಯಮ ಎಂದಾದರೆ, ನಾನಾಗಿದ್ದರೆ ಸಾಲ ಮಾಡುವ ಮೊದಲು ಜೈವಿಕ ತಂತ್ರಜ್ಞಾನದ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯ ಬಿಗ್ ಅನುದಾನದತ್ತ ನೋಡುತ್ತಿದ್ದೆ. ನಿಮ್ಮ ವಿಷಯ ಅದರ ಚೌಕಟ್ಟಿಗೆ ಹೊಂದಿದರೆ 50 ಲಕ್ಷ ರೂಪಾಯಿವರೆಗೆ ಸಿಗಬಹುದು, ಎಂಬಿಎ ಬೇಕಿಲ್ಲ. ಆದರೆ ಸಂಸ್ಥೆಯಲ್ಲಿದ್ದಾಗ ಕಂಡುಹಿಡಿದದ್ದರ ಹಕ್ಕು ಸಾಮಾನ್ಯವಾಗಿ ಸಂಸ್ಥೆಯದ್ದೇ ಆಗಿರುವುದರಿಂದ, ಎರಡರಲ್ಲಿ ಯಾವ ದಾರಿ ಹಿಡಿದರೂ ಪರವಾನಗಿಯ ವಿಷಯವನ್ನು ಕೆಲಸ ಬಿಡುವ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ.

ಪ್ರಶ್ನೆ: ಮಂಡ್ಯದ ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ, ಪಿಎಚ್.ಡಿ. ಆಗಿದೆ. ಕೆಲಸ ಬಿಡುವ ಹಾಗಿಲ್ಲ. ಎಂಬಿಎ ಮಾಡಿದರೆ ಪ್ರಯೋಜನವಿದೆಯೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ದೂರಶಿಕ್ಷಣದ ಎಂಬಿಎ ಇದೆ. ಕಾಲೇಜಿನ ಆಡಳಿತದತ್ತ ಹೋಗುವ ಆಸೆಯಿದ್ದರೆ ಅದು ಸಾಕು. ಕಂಪನಿಗಳಲ್ಲಿ ಕೆಲಸ ಬೇಕೆಂದರೆ ಆ ಪದವಿಯೊಂದನ್ನೇ ನೆಚ್ಚಿಕೊಳ್ಳಬೇಡಿ. ಅಲ್ಲಿ ಕ್ಯಾಂಪಸ್ ಸಂದರ್ಶನದ ಬಾಗಿಲು ಇರುವುದಿಲ್ಲ. ಯಾವುದಕ್ಕೂ ಸೇರುವ ಮುಂಚೆ ನಿಮ್ಮ ಆಡಳಿತ ಮಂಡಳಿಯಿಂದ ಎನ್‌ಒಸಿ ಪಡೆದಿಟ್ಟುಕೊಳ್ಳಿ.