ಎಂಪಿಪಿಟಿ ಹಾಕಿಸಿದರೆ ನಿಜವಾಗಲೂ ಜಾಸ್ತಿ ಕರೆಂಟ್ ಬರುತ್ತಾ?

ನೀವು ಕೇಳಿದ್ದು ಇಷ್ಟು: ರಾಯಚೂರಿನಲ್ಲಿ ಮನೆ ಮಾಳಿಗೆ ಮೇಲೆ 330 ವ್ಯಾಟಿನ ಎರಡು ಪ್ಯಾನೆಲ್, ಕೆಳಗೆ 12 ವೋಲ್ಟ್ ಬ್ಯಾಟರಿ, ನಡುವೆ ಪಿಡಬ್ಲ್ಯೂಎಂ ಕಂಟ್ರೋಲರ್ (ಪ್ಯಾನೆಲ್ಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ ಚಾರ್ಜ್ ಮಾಡುವ ಸಾದಾ ಪೆಟ್ಟಿಗೆ). ಅದರ ಬದಲು ಎಂಪಿಪಿಟಿ (ಪ್ಯಾನೆಲ್ ಅತಿ ಹೆಚ್ಚು ವ್ಯಾಟ್ ಕೊಡುವ ವೋಲ್ಟನ್ನು ಹುಡುಕಿ ಹಿಡಿಯುವ ಕಂಟ್ರೋಲರ್) ಹಾಕಿಸಿದರೆ 30 ಪರ್ಸೆಂಟ್ ಜಾಸ್ತಿ ಬರುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ, ನಿಜಾನಾ? ಅದರಲ್ಲಿ ಆ ವೋಲ್ಟ್ ಹುಡುಕುವುದಕ್ಕೆ ಯಾವ ಅಲ್ಗಾರಿದಮ್ ಒಳ್ಳೆಯದು?

ಹಾಕಿಸಿ. ನಿಮಗೆ 30 ಅಲ್ಲ, ಮಧ್ಯಾಹ್ನದ ಹೊತ್ತು ಡಬಲ್ ಬಂದರೂ ಆಶ್ಚರ್ಯ ಇಲ್ಲ.

ನಾನು ಗಂಗಾವತಿ ಕಡೆ ಸೋಲಾರ್ ಫಿಟಿಂಗ್ ಕೆಲಸ ಮಾಡುವವನು. ನಿಮ್ಮಂಥ 72 ಸೆಲ್ಲಿನ ಪ್ಯಾನೆಲ್ ಪೂರ್ತಿ ವ್ಯಾಟ್ ಕೊಡುವುದು ಸುಮಾರು 37 ವೋಲ್ಟಿನಲ್ಲಿ. ಪಿಡಬ್ಲ್ಯೂಎಂ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಇಡುತ್ತದೆ. ಆಂಪ್ಸ್ ಅಷ್ಟೇ ಇರುತ್ತದೆ, ಪ್ಯಾನೆಲ್ಲಿಗೆ 9ರ ಹತ್ತಿರ. 9 ಇಂಟು 13 ಅಂದರೆ 117 ವ್ಯಾಟ್. ಉಳಿದಿದ್ದು ಬ್ಯಾಟರಿಗೆ ಬರುವುದೇ ಇಲ್ಲ. ಎಂಪಿಪಿಟಿ ಪ್ಯಾನೆಲ್ಲನ್ನು ಅದರ ವೋಲ್ಟಿನಲ್ಲೇ ಬಿಟ್ಟು, ಹೆಚ್ಚಿನ ವೋಲ್ಟನ್ನು ಆಂಪ್ಸ್ ಮಾಡಿ ಬ್ಯಾಟರಿಗೆ ಕೊಡುತ್ತದೆ.

ಆದರೆ 36 ಸೆಲ್ಲಿನ ಸಣ್ಣ ಪ್ಯಾನೆಲ್ ಆಗಿದ್ದರೆ ಬೇಡ ಅನ್ನುತ್ತಿದ್ದೆ. ಅದರ ಮೇಲೆ 18 ವೋಲ್ಟ್ ಅಂತ ಬರೆದಿರುವುದು ಸೆಲ್ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಸೆಲ್ 65 ಡಿಗ್ರಿ ಮುಟ್ಟುತ್ತದೆ, ಬಿಸಿ ಏರಿದಂತೆ ವೋಲ್ಟ್ ಇಳಿಯುತ್ತದೆ, ಡಿಗ್ರಿಗೆ 0.4 ಪರ್ಸೆಂಟ್ ಹಿಡಿದರೂ 15 ವೋಲ್ಟಿಗೆ ಇಳಿಯಿತು, ಚಾರ್ಜ್ ಆಗುವ ಬ್ಯಾಟರಿ 14ರಲ್ಲಿ ಇರುತ್ತದೆ, ಇನ್ನೇನು ಉಳಿಯಿತು ಹೇಳಿ? 30 ಪರ್ಸೆಂಟ್ ಅನ್ನುವ ಮಾತು ಚಳಿ ಊರಿನವರದ್ದು.

ಅಲ್ಗಾರಿದಮ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪರ್ಟರ್ಬ್ ಅಂಡ್ ಅಬ್ಸರ್ವ್ ಅನ್ನುವುದು ವೋಲ್ಟನ್ನು ಸ್ವಲ್ಪ ಸರಿಸಿ ನೋಡುತ್ತದೆ, ವ್ಯಾಟ್ ಏರಿದರೆ ಅದೇ ಕಡೆ ಮುಂದೆ, ಇಳಿದರೆ ವಾಪಸ್. ಹೀಗಾಗಿ ಅದು ತುದಿಯಲ್ಲಿ (ವ್ಯಾಟ್ ಅತಿ ಹೆಚ್ಚಿರುವ ಜಾಗದಲ್ಲಿ) ಸುಮ್ನೆ ನಿಲ್ಲುವುದಿಲ್ಲ, ಅತ್ತ ಇತ್ತ ಅಲುಗುತ್ತಲೇ ಇರುತ್ತದೆ. ಮೋಡ ಸರಿದು ಬಿಸಿಲು ಏರಿದರೆ ತಾನು ಸರಿಸಿದ್ದರಿಂದಲೇ ವ್ಯಾಟ್ ಏರಿತು ಅಂದುಕೊಂಡು ತಪ್ಪು ದಿಕ್ಕಿಗೂ ಹೋಗುತ್ತದೆ. ಇನ್‌ಕ್ರಿಮೆಂಟಲ್ ಕಂಡಕ್ಟೆನ್ಸ್ ಲೆಕ್ಕದಲ್ಲಿ ಇನ್ನೂ ಜಾಣ. ವೋಲ್ಟ್ ಬದಲಾದಾಗ ಕರೆಂಟ್ ಎಷ್ಟು ಬದಲಾಯಿತು ಅಂತ ನೋಡಿ ತುದಿ ಯಾವ ಕಡೆ ಇದೆ ಅಂತ ಹೇಳುತ್ತದೆ. ಮನೆಗೆ ಹಾಕುವ ಕಂಟ್ರೋಲರಿನಲ್ಲಿ ಇವೆರಡರ ವ್ಯತ್ಯಾಸ ನಿಮ್ಮ ಕಣ್ಣಿಗೆ ಕಾಣುವುದಿಲ್ಲ.

ವ್ಯತ್ಯಾಸ ಕಾಣುವುದು ನೆರಳಲ್ಲಿ. ನೀರಿನ ಟ್ಯಾಂಕಿನ ನೆರಳು ಒಂದು ಮೂಲೆಗೆ ಬಿದ್ದರೂ ಆ ಭಾಗದ ಬೈಪಾಸ್ ಡಯೋಡ್ (ನೆರಳಿನ ಸೆಲ್ಲುಗಳನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ಹಾಯಿಸುವ ಬಿಡಿಭಾಗ) ಆನ್ ಆಗುತ್ತದೆ. ಆಗ ವ್ಯಾಟಿಗೆ ಒಂದರ ಬದಲು ಎರಡು ಮೂರು ತುದಿ ಆಗುತ್ತವೆ. ಸಾದಾ ಎಂಪಿಪಿಟಿ ಸಣ್ಣ ತುದಿಯನ್ನೇ ದೊಡ್ಡದು ಅಂತ ಹಿಡಿದು ಕೂತುಬಿಡಬಹುದು. ಆಗಾಗ ಪೂರ್ತಿ ವೋಲ್ಟ್ ರೇಂಜ್ ಸ್ಕ್ಯಾನ್ ಮಾಡುವ ಮಾಡೆಲ್ ಸಿಗುತ್ತವೆ, ಆದರೆ ಅದಕ್ಕೆ ದುಡ್ಡು ಹಾಕುವ ಬದಲು ಪ್ಯಾನೆಲ್ ನಾಲ್ಕು ಅಡಿ ಸರಿಸಿ. ಧೂಳನ್ನು ಯಾವ ಅಲ್ಗಾರಿದಮ್ಮೂ ಒರೆಸುವುದಿಲ್ಲ. ನಮ್ಮ ಕಡೆ ರೈಸ್ ಮಿಲ್ಲಿನ ಬೂದಿ, ಸಂಡೂರು ಕಡೆ ಅದಿರಿನ ಕೆಂಪು ಧೂಳು. ಬೆಳಿಗ್ಗೆ ಪ್ಯಾನೆಲ್ ತಣ್ಣಗಿದ್ದಾಗ ತೊಳೆಯಿರಿ, ಕಾದ ಗಾಜಿನ ಮೇಲೆ ನೀರು ಸುರಿಯಬೇಡಿ.

ಕೊಳ್ಳುವಾಗ ಎರಡು ವಿಷಯ. ಎಂಪಿಪಿಟಿ ಅಂತ ಸ್ಟಿಕ್ಕರ್ ಹಚ್ಚಿದ ಪಿಡಬ್ಲ್ಯೂಎಂಗಳು ಬೇಕಾದಷ್ಟಿವೆ. ಬ್ಯಾಟರಿ ಇಳಿದಿರುವಾಗ ಬಿಸಿಲಲ್ಲಿ ಮೀಟರ್ ಹಿಡಿದು ಪ್ಯಾನೆಲ್ ವೈರಿನ ವೋಲ್ಟ್ ನೋಡಿ: 30ರ ಮೇಲೆ ಇದ್ದರೆ ಅಸಲಿ, ಬ್ಯಾಟರಿಯಷ್ಟೇ 13 ತೋರಿಸಿದರೆ ವಾಪಸ್ ಕೊಡಿ. ಇನ್ನೊಂದು, 660 ವ್ಯಾಟನ್ನು 12 ವೋಲ್ಟಿಗೆ ಇಳಿಸಿದರೆ 50 ಆಂಪ್ಸ್ ಹತ್ತಿರ ಹೋಗುತ್ತದೆ, 20 ಆಂಪ್ಸಿನದ್ದು ತಂದರೆ ಅರ್ಧಕ್ಕಿಂತ ಜಾಸ್ತಿ ಕತ್ತರಿಸಿ ಹಾಕುತ್ತದೆ. ನಿಮ್ಮ ಬ್ಯಾಟರಿ ಅಷ್ಟು ಆಂಪ್ಸ್ ತಡೆಯುತ್ತಾ ಅಂತಲೂ ಕೇಳಿಕೊಳ್ಳಿ. ಎರಡೂ ಪ್ಯಾನೆಲ್ ಸೀರೀಸ್ ಮಾಡುವುದಾದರೆ ಲೋಡ್ ಇಲ್ಲದ ವೋಲ್ಟ್ 92ರ ಹತ್ತಿರ ಇರುತ್ತದೆ, ಡಿಸೆಂಬರ್ ಬೆಳಗಿನ ಚಳಿಗೆ ಇನ್ನೂ ಏರುತ್ತದೆ, ಆದ್ದರಿಂದ 100 ವೋಲ್ಟಿನ ಕಂಟ್ರೋಲರ್ ಬಿಟ್ಟು 150ರದ್ದು ತಗೊಳ್ಳಿ, ಇಲ್ಲವೇ ಪ್ಯಾರಲಲ್ ಮಾಡಿ.